ಕಂಪನಿಗಳ ಪೈಪೋಟಿಯಲ್ಲಿ ರೈತನ ಪಾಲೆಷ್ಟು?



ಪೇಟೆಯ ಪಂಡಿತರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಮಗೆ ಒಂದೇ ಪಾಠ ಹೇಳಿಕೊಂಡು ಬಂದಿದ್ದಾರೆ. ಕಂಪನಿಗಳು ಹೆಚ್ಚು ಬರಲಿ, ಅವುಗಳ ನಡುವೆ ಪೈಪೋಟಿ ನಡೆಯಲಿ; ಆಗ ನೀವು ಕೊಳ್ಳುವ ಬೀಜ, ಗೊಬ್ಬರ, ಔಷಧಿ ಅಗ್ಗವಾಗುತ್ತೆ, ನೀವು ಮಾರುವ ಮಾಲಿಗೆ ಬೆಲೆ ಏರುತ್ತೆ ಎಂಬುದೇ ಆ ಪಾಠ. 1991ರಲ್ಲಿ ಹೊಸ ಆರ್ಥಿಕ ನೀತಿ ತಂದಾಗ ಹೇಳಿದ್ದು ಇದನ್ನೇ. 2020ರಲ್ಲಿ ಮೂರು ಕೃಷಿ ಕಾನೂನು ತಂದಾಗ ಹೇಳಿದ್ದೂ ಇದನ್ನೇ. ಆ ಕಾನೂನುಗಳನ್ನು 2021ರಲ್ಲಿ ವಾಪಸು ತೆಗೆದುಕೊಂಡರು. ಪಾಠವನ್ನು ಮಾತ್ರ ಇನ್ನೂ ಹೇಳುತ್ತಲೇ ಇದ್ದಾರೆ.

ಈ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ತೆರಕಣಾಂಬಿ ಮಾರುಕಟ್ಟೆಗೆ ಕೇರಳದ ವ್ಯಾಪಾರಿಗಳು ಹತ್ತು ಮಂದಿ ಬಂದ ದಿನದ ಬೀನ್ಸ್ ಬೆಲೆಗೂ, ಇಬ್ಬರೇ ಬಂದ ದಿನದ ಬೆಲೆಗೂ ಏನು ವ್ಯತ್ಯಾಸ ಅಂತ ನಮ್ಮ ಭೀಮನಬೀಡಿನ ಶಾಲೆ ಹುಡುಗರನ್ನು ಕೇಳಿದರೂ ಹೇಳುತ್ತಾರೆ. ಕೊಳ್ಳುವವರು ಹೆಚ್ಚಿದ್ದರೆ ಮಾರುವವನಿಗೆ ಲಾಭ. ಮಾರುವವರು ಹೆಚ್ಚಿದ್ದರೆ ಕೊಳ್ಳುವವನಿಗೆ ಲಾಭ. ಇದು ಸಂತೆಯ ನ್ಯಾಯ. ಈ ನ್ಯಾಯದ ಮೇಲೆ ನಮಗೆ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ. ದೊಡ್ಡ ಕಂಪನಿಗಳು ನಡೆಸುವುದು ಸಂತೆಯ ಪೈಪೋಟಿಯೇ ಅಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಪಕ್ಕದವಳಿಗಿಂತ ಕಾಲು ರೂಪಾಯಿ ಕಡಿಮೆಗೆ ಕೊಟ್ಟು ತನ್ನ ಕಂತೆ ಖಾಲಿ ಮಾಡಿಕೊಂಡು ಮನೆಗೆ ಹೋಗುತ್ತಾಳೆ. ಮುಂದಿನ ವಾರ ಇಬ್ಬರೂ ಮತ್ತೆ ಬರುತ್ತಾರೆ. ದೊಡ್ಡ ಕಂಪನಿಯ ಲೆಕ್ಕವೇ ಬೇರೆ. ಮುಂದಿನ ವಾರ ಪಕ್ಕದವಳು ಸಂತೆಗೆ ಬರಲೇಬಾರದು ಎಂಬುದು ಅದರ ಲೆಕ್ಕ. ಪೈಪೋಟಿ ಮುಗಿಸುವುದಕ್ಕಾಗಿಯೇ ಅದು ಪೈಪೋಟಿ ಮಾಡುತ್ತೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹೊಲದ ಲೆಕ್ಕ ನೋಡಿದರೆ ಬಹಳ ವಿಷಯ ಬಯಲಾಗುತ್ತೆ.

ಮೊದಲು ಪುಕ್ಕಟೆ, ಆಮೇಲೆ ಬೆಲೆ

ಎಲ್ಲರ ಜೇಬಿನಲ್ಲೂ ಇರುವ ಮೊಬೈಲ್ ಫೋನನ್ನೇ ತೆಗೆದುಕೊಳ್ಳಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. 2017ರ ಮಾರ್ಚ್ ಕೊನೆಯವರೆಗೆ ಮಾತೂ ಪುಕ್ಕಟೆ, ಇಂಟರ್‌ನೆಟ್ಟೂ ಪುಕ್ಕಟೆ. ನಾವೂ ಸಂತೋಷಪಟ್ಟೆವು. ಆಗ ನಮ್ಮ ಅಂಗಡಿಗಳಲ್ಲಿ ಎಷ್ಟು ಕಂಪನಿಯ ಸಿಮ್ ಸಿಗುತ್ತಿತ್ತು ನೆನಪು ಮಾಡಿಕೊಳ್ಳಿ: ಏರ್‌ಸೆಲ್, ಡೊಕೊಮೊ, ಟೆಲಿನಾರ್, ವೊಡಾಫೋನ್, ಐಡಿಯಾ, ಏರ್‌ಟೆಲ್. 2018ರಲ್ಲಿ ಏರ್‌ಸೆಲ್ ದಿವಾಳಿ ಎದ್ದಿತು. ಡೊಕೊಮೊ, ಟೆಲಿನಾರ್ ಎರಡೂ ಏರ್‌ಟೆಲ್ ಹೊಟ್ಟೆ ಸೇರಿದವು. ವೊಡಾಫೋನ್ ಐಡಿಯಾ ಎರಡೂ ಕೂಡಿ ಒಂದಾದವು. ಸರ್ಕಾರದ ಬಿಎಸ್‌ಎನ್‌ಎಲ್ ಬಿಟ್ಟರೆ ಖಾಸಗಿಯವರು ಮೂವರೇ ಉಳಿದರು. 2024ರ ಜುಲೈ ಮೊದಲ ವಾರದಲ್ಲಿ ಮೂವರೂ ಒಟ್ಟಿಗೇ ದರ ಏರಿಸಿದರು. ಒಬ್ಬ ಏರಿಸಿದಾಗ ಇನ್ನೊಬ್ಬ ಇಳಿಸಿ ಗಿರಾಕಿ ಸೆಳೆಯಬೇಕಾಗಿತ್ತಲ್ಲ, ಪಾಠದ ಪ್ರಕಾರ? ಹಾಗಾಗಲಿಲ್ಲ.

ಪುಕ್ಕಟೆ ಕೊಟ್ಟಿದ್ದು ದಾನವಲ್ಲ, ಬಿತ್ತನೆ. ಕೊಯ್ಲಿನ ಕಾಲ ಯಾವಾಗ ಅಂತ ಬಿತ್ತಿದವನಿಗೆ ಗೊತ್ತಿರುತ್ತೆ.

ಗೆಲ್ಲಲಾಗದಿದ್ದರೆ ಕೊಂಡುಬಿಡು

ಎರಡನೆಯ ಉಪಾಯ ಇನ್ನೂ ಹಳೆಯದು. ನನ್ನ ವಯಸ್ಸಿನವರಿಗೆ ಗೋಲ್ಡ್‌ಸ್ಪಾಟ್ ಬಾಟಲಿ ನೆನಪಿರಬೇಕು. 1977ರಲ್ಲಿ ದೇಶ ಬಿಟ್ಟುಹೋಗಿದ್ದ ಕೋಕಾಕೋಲಾ 1993ರಲ್ಲಿ ವಾಪಸು ಬಂತು. ನಮ್ಮ ದೇಶದ ಪಾರ್ಲೆ ಕಂಪನಿಯ ಥಮ್ಸ್‌ಅಪ್, ಲಿಮ್ಕಾ, ಗೋಲ್ಡ್‌ಸ್ಪಾಟ್ ಜನರ ನಾಲಿಗೆಯ ಮೇಲಿದ್ದವು. ಅವನ್ನು ಎದುರಿಸಿ ಗೆಲ್ಲುವುದು ವರ್ಷಗಟ್ಟಲೆ ಕೆಲಸ. ಆದ್ದರಿಂದ ಬಂದ ವರ್ಷವೇ ಅಷ್ಟನ್ನೂ ಕೊಂಡುಕೊಂಡಿತು. ಥಮ್ಸ್‌ಅಪ್ಪನ್ನು ಜನ ಬಿಡಲಿಲ್ಲವಾಗಿ ಉಳಿಸಿಕೊಂಡರು. ಗೋಲ್ಡ್‌ಸ್ಪಾಟನ್ನು ನಿಲ್ಲಿಸಿಯೇಬಿಟ್ಟರು.

ಬಣ್ಣದ ನೀರಿಗಾಯಿತು, ನಮಗೇನು ಅಂತೀರಾ? ಬೀಜಕ್ಕೂ ಹೀಗೇ ಆಗಿದೆ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿ ಕಾಗದಪತ್ರ ಬೀದಿಗೆ ತಂದದ್ದು ದೇಶವೆಲ್ಲ ಸುದ್ದಿಯಾಗಿತ್ತು. ಅದೇ ಕಾರ್ಗಿಲ್ 1998ರಲ್ಲಿ ತನ್ನ ಹೊರದೇಶಗಳ ಬೀಜದ ವ್ಯಾಪಾರವನ್ನು ಮಾನ್ಸಾಂಟೊಗೆ ಮಾರಿತು. ಅದೇ ವರ್ಷ ಮಾನ್ಸಾಂಟೊ ನಮ್ಮ ದೇಶದ ಮಹಿಕೊ ಬೀಜ ಕಂಪನಿಯಲ್ಲಿ ನೂರಕ್ಕೆ 26 ಪಾಲು ಕೊಂಡಿತು. 2005ರಲ್ಲಿ ತರಕಾರಿ ಬೀಜದ ಸೆಮಿನಿಸ್ ಕಂಪನಿಯನ್ನು ನುಂಗಿತು. 2018ರಲ್ಲಿ ಜರ್ಮನಿಯ ಬೇಯರ್ ಕಂಪನಿ ಸುಮಾರು 6,300 ಕೋಟಿ ಡಾಲರು ಕೊಟ್ಟು ಮಾನ್ಸಾಂಟೊವನ್ನೇ ನುಂಗಿತು. ಕಂಪನಿಯ ಆ ಹೆಸರನ್ನೂ ಅಳಿಸಿತು. ಅದರ ಹಿಂದಿನ ವರ್ಷ ಚೀನಾ ಸರ್ಕಾರದ ಕಂಪನಿಯೊಂದು ಸಿಂಜೆಂಟಾವನ್ನು ಕೊಂಡಿತು. ಅದೇ 2017ರಲ್ಲಿ ಅಮೆರಿಕದ ಡೌ ಮತ್ತು ಡುಪಾಂಟ್ ಒಂದಾದವು. ಅವರ ಬೀಜ-ಔಷಧಿ ವ್ಯಾಪಾರ ಈಗ ಕೊರ್ಟೆವಾ ಎಂಬ ಹೆಸರಿನಲ್ಲಿದೆ.

ಗಮನಿಸಿ: ಇವರೆಲ್ಲ ಬೀಜವನ್ನೂ ಮಾರುತ್ತಾರೆ, ಔಷಧಿಯನ್ನೂ ಮಾರುತ್ತಾರೆ. ನಿಮ್ಮ ಬೆಳೆಗೆ ರೋಗ ಬರಲಿ ಬಿಡಲಿ, ಕಾಸು ಒಂದೇ ಹುಂಡಿಗೆ ಬೀಳುತ್ತೆ.

ಪಾಕೀಟು ನಲವತ್ತು, ಒಳಗಿನ ಗುಣ ಒಂದೇ

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತಿ ಬೀಜದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಂಪನಿಗಳ ತಂತ್ರವೆಲ್ಲ ಅದೊಂದರಲ್ಲೇ ಇದೆ.

ಮಿಶ್ರತಳಿ ಹತ್ತಿ ನಮಗೆ ಕಂಪನಿಯಿಂದ ಬಂದದ್ದಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರ್ಕಿಯವರು ವರಲಕ್ಷ್ಮಿ ತಳಿ ಕೊಟ್ಟರು. ಆಮೇಲೆ ಅಲ್ಲಿಂದಲೇ ಡಿಸಿಎಚ್-32 ಬಂತು. ಅದಕ್ಕೆ ಜಯಲಕ್ಷ್ಮಿ ಅಂತಲೂ ಹೆಸರು. ಸಾರ್ವಜನಿಕ ದುಡ್ಡಿನಲ್ಲಿ, ಸರ್ಕಾರದ ಸಂಬಳ ತೆಗೆದುಕೊಂಡ ವಿಜ್ಞಾನಿಗಳು ಮಾಡಿದ ಕೆಲಸ. ನಮ್ಮ ಸೀಮೆಯಲ್ಲಿ ಹತ್ತಿ ಬೆಳೆದವರಿಗೆ ಡಿಸಿಎಚ್ ಹೆಸರು ಹೊಸದೇನಲ್ಲ.

2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಕಾಯಿಕೊರಕ ಹುಳುವಿಗೆ ವಿಷವಾಗುವ ಗುಣವನ್ನು ಹತ್ತಿ ಗಿಡದ ಒಳಗೇ ಸೇರಿಸಿದ ಬೀಜ ಅದು. ಆ ಗುಣದ ಒಡೆತನ ಮಾನ್ಸಾಂಟೊದ್ದು; ಇಲ್ಲಿ ಅದನ್ನು ಹಂಚುವುದಕ್ಕೆ ಮಹಿಕೊ ಜೊತೆ ಅರ್ಧರ್ಧ ಪಾಲಿನ ಕಂಪನಿ. ಸಾಮಾನ್ಯ ಮಿಶ್ರತಳಿ ಪಾಕೀಟು ನಾನ್ನೂರು ನಾನ್ನೂರೈವತ್ತಕ್ಕೆ ಸಿಗುತ್ತಿದ್ದ ಕಾಲದಲ್ಲಿ 450 ಗ್ರಾಂ ಬಿಟಿ ಪಾಕೀಟಿಗೆ 1,600 ರೂಪಾಯಿ, ಆಮೇಲೆ 1,850 ರೂಪಾಯಿವರೆಗೂ ತೆಗೆದುಕೊಂಡರು. ಅದರಲ್ಲಿ ಸುಮಾರು 1,250 ರೂಪಾಯಿ ಬೀಜದ ಬೆಲೆಯಲ್ಲ, ಒಳಗಿನ ಗುಣದ ಬಾಡಿಗೆ. ಮೂರು ಪಾಕೀಟು ಕೊಂಡ ರೈತ ಇನ್ನೂ ಬೀಜ ಮಣ್ಣಿಗೆ ಹಾಕುವ ಮೊದಲೇ 3,750 ರೂಪಾಯಿ ಬಾಡಿಗೆ ಕಟ್ಟಿದಂತಾಯಿತು. ಮಳೆ ಬಾರದಿದ್ದರೂ ಬಾಡಿಗೆ ವಾಪಸಿಲ್ಲ.

ಈಗ ಉಪಾಯ ನೋಡಿ. ಕಂಪನಿ ತಾನೊಬ್ಬನೇ ಬೀಜ ಮಾರಲು ನಿಲ್ಲಲಿಲ್ಲ. ನಲವತ್ತಕ್ಕೂ ಹೆಚ್ಚು ದೇಶಿ ಬೀಜ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಪಾಕೀಟು ನಿಮ್ಮದು, ಹೆಸರು ನಿಮ್ಮದು, ಗೋಡೆ ಬರಹ ನಿಮ್ಮದು, ಮಾರುವ ಕಷ್ಟ ನಿಮ್ಮದು; ಪಾಕೀಟಿಗೆ ಇಷ್ಟು ಬಾಡಿಗೆ ಮಾತ್ರ ನಮಗೆ. ಅಂಗಡಿಗೆ ಹೋದ ರೈತನಿಗೆ ಕಣ್ಣು ಕೋರೈಸುವಷ್ಟು ಬಗೆ. ಇದರಲ್ಲಿ ಹುಲಿ ಚಿತ್ರ, ಅದರಲ್ಲಿ ದೇವರ ಹೆಸರು. "ಯಾವ್ದು ಕೊಡ್ಲಣ್ಣ?" ಅಂತ ಅಂಗಡಿಯವನು ಕೇಳುತ್ತಾನೆ. "ಯಾವ್ದು ಚೆನ್ನಾಗ್ ಬತ್ತದೊ ಅದ್ನೇ ಕೊಡಪ್ಪ" ಅಂತ ನಾವು ಅನ್ನುತ್ತೇವೆ. ಆರಿಸಿಕೊಂಡೆವು ಅಂತ ನಮಗೆ ಸಮಾಧಾನ. ಯಾವುದನ್ನು ಆರಿಸಿದರೂ ಬಾಡಿಗೆ ಹೋಗುವ ಮನೆ ಒಂದೇ. ನಲವತ್ತು ಕಂಪನಿಗಳ ಪೈಪೋಟಿ ನಡೆದದ್ದು ಬಾಡಿಗೆ ಕಳೆದು ಉಳಿದ ಪುಡಿಗಾಸಿನ ಮೇಲೆ. ಹತ್ತು ವರ್ಷದೊಳಗೆ ದೇಶದ ಹತ್ತಿ ಭೂಮಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಬಿಟಿಯಾಯಿತು. ಬಿಟಿಯಲ್ಲದ ಬೀಜ ಬೇಕು ಅಂದವನಿಗೆ ಅಂಗಡಿಯಲ್ಲಿ ಅದು ಸಿಗದಂತಾಯಿತು.

ಬೆಲೆ ಇಳಿದದ್ದು ಪೈಪೋಟಿಯಿಂದ ಅಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ತಡೆ ಆಯೋಗದ ಮುಂದೆ ದೂರು ಕೊಟ್ಟು, 2006ರಲ್ಲಿ ಪಾಕೀಟಿಗೆ 750 ರೂಪಾಯಿ ಅಂತ ಕಟ್ಟು ಹಾಕಿತು. ಬೇರೆ ರಾಜ್ಯಗಳೂ ಹಿಂದೆ ಬಂದವು. 1,850 ಇದ್ದದ್ದು 750ಕ್ಕೆ ಇಳಿದ ಮೇಲೂ ಯಾವ ಕಂಪನಿಯೂ ಅಂಗಡಿ ಮುಚ್ಚಲಿಲ್ಲ. ಹಾಗಾದರೆ ಅಲ್ಲಿವರೆಗೆ ತೆಗೆದುಕೊಂಡದ್ದು ಏನು?

ಕಟ್ಟು ಬಿದ್ದ ಅದೇ 2006ರಲ್ಲಿ ಎರಡನೇ ತಲೆಮಾರಿನ ಬೀಜ, ಬೋಲ್‌ಗಾರ್ಡ್-2, ಪೇಟೆಗೆ ಬಂತು. ಮೊದಲನೆಯದಕ್ಕೆ ಇಲ್ಲಿ ಪೇಟೆಂಟ್ ಇರಲಿಲ್ಲ, ಎರಡನೆಯದಕ್ಕೆ ಪೇಟೆಂಟ್ ಸಿಕ್ಕಿತು. ಮೊದಲ ಬೀಜಕ್ಕೆ ಗುಲಾಬಿ ಕಾಯಿಕೊರಕ ಹುಳು ಒಗ್ಗಿಹೋಗಿದೆ ಅಂತ 2010ರಲ್ಲಿ ಕಂಪನಿಯೇ ಗುಜರಾತಿನ ವಿಷಯದಲ್ಲಿ ಒಪ್ಪಿಕೊಂಡಿತು. ಮದ್ದೇನು ಅಂದರೆ ಎರಡನೆಯದನ್ನು ಕೊಳ್ಳಿ ಅಂತ. 2015ರ ಹೊತ್ತಿಗೆ ಎರಡನೆಯದಕ್ಕೂ ಹುಳು ಒಗ್ಗಿತು. ಈಗ ಹತ್ತಿ ಬೆಳೆಯುವವನು ಒಳಗೆ ವಿಷವಿರುವ ಬೀಜವನ್ನೂ ಕೊಳ್ಳುತ್ತಾನೆ, ಹೊರಗಿನಿಂದ ಹೊಡೆಯುವ ಔಷಧಿಯನ್ನೂ ಕೊಳ್ಳುತ್ತಾನೆ.

ಕಂಪನಿಗಳು ತಮ್ಮತಮ್ಮಲ್ಲಿ ಜಗಳವಾಡಲೇ ಇಲ್ಲವೇ? ಆಡಿದವು, ಜೋರಾಗಿಯೇ ಆಡಿದವು. ಬಾಡಿಗೆ ಹೆಚ್ಚಾಯಿತು ಅಂತ ಹೈದರಾಬಾದಿನ ನುಜಿವೀಡು ಸೀಡ್ಸ್ ಮಾನ್ಸಾಂಟೊ ಗುಂಪಿನ ಮೇಲೆ ತಿರುಗಿಬಿತ್ತು. 2015ರಲ್ಲಿ ಅದರ ಪರವಾನಗಿ ರದ್ದಾಯಿತು. ಜಗಳ ದೆಹಲಿ ಹೈಕೋರ್ಟಿಗೆ ಹೋಗಿ, 2019ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿ, ಕೊನೆಗೆ 2021ರಲ್ಲಿ ಎರಡು ಕಡೆಯವರೂ ರಾಜಿ ಮಾಡಿಕೊಂಡರು. ಬೀಜದ ದುಡ್ಡು ಕೊಟ್ಟವನು ರೈತ. ಆ ರಾಜಿ ಪತ್ರಕ್ಕೆ ರೈತನ ರುಜು ಬೇಕಾಗಲಿಲ್ಲ. ಈ ನಡುವೆ 2016ರಲ್ಲಿ ಸ್ಪರ್ಧಾ ಆಯೋಗ ಮಾನ್ಸಾಂಟೊ ಮೇಲೆ ತನಿಖೆಗೆ ಆದೇಶ ಮಾಡಿತ್ತು. ಪೇಟೆಂಟ್ ವಿಷಯಕ್ಕೆ ಆಯೋಗ ಕೈ ಹಾಕುವಂತಿಲ್ಲ ಅಂತ 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅದನ್ನು ತಡೆಹಾಕಿತು. ಪೈಪೋಟಿ ಕಾಯಬೇಕಾದ ಕಾವಲುಗಾರನೇ ಬಾಗಿಲಾಚೆ ಉಳಿದ.

2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶ ತಂದಿತು. 2016ರಲ್ಲಿ ಪಾಕೀಟಿನ ಬೆಲೆ 800, ಅದರೊಳಗಿನ ಬಾಡಿಗೆ 49 ರೂಪಾಯಿ ಅಂತ ಗೊತ್ತು ಮಾಡಿತು. ಒಂದು ಕಾಲದಲ್ಲಿ 1,250 ಇದ್ದದ್ದು 49! ಕಂಪನಿ ಭಾರತದಲ್ಲಿ ಇರಬೇಕೋ ಬೇಡವೋ ಯೋಚಿಸಬೇಕಾಗುತ್ತೆ ಅಂತ ಬೆದರಿಸಿತು, ಹೊಸ ಬೀಜದ ಅರ್ಜಿಯನ್ನು ವಾಪಸು ತೆಗೆದುಕೊಂಡಿತು, ಆದರೆ ಹೋಗಲಿಲ್ಲ. 2020ರಲ್ಲಿ ಬಾಡಿಗೆ ಸೊನ್ನೆಯಾಯಿತು, ಪಾಕೀಟು 730 ರೂಪಾಯಿ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅನ್ನಬೇಡಿ. ಬಾಡಿಗೆ ಸೊನ್ನೆಯಾದ ಮೇಲೂ 2025ರ ಹೊತ್ತಿಗೆ ಅದೇ ಪಾಕೀಟಿಗೆ 901 ರೂಪಾಯಿ ಆಯಿತು. ಐದು ವರ್ಷದಲ್ಲಿ 171 ರೂಪಾಯಿ ಏರಿಕೆ. ಈ ಸಲ ಪರದೇಶಿ ಕಂಪನಿಯನ್ನು ಬೈಯುವಂತಿಲ್ಲ. ತೆಗೆದುಕೊಂಡವರು ನಮ್ಮ ದೇಶದ ಬೀಜ ಕಂಪನಿಗಳು. ಬೀಜ ಉತ್ಪಾದನೆಯ ಖರ್ಚು ಹೆಚ್ಚಾಯಿತು ಅಂತ ಕಾರಣ ಕೊಟ್ಟರು, ಸರ್ಕಾರ ಒಪ್ಪಿತು. ಹತ್ತಿ ಬೆಳೆಯುವ ಖರ್ಚು ಹೆಚ್ಚಾಯಿತು ಅಂತ ನಾವು ಕೇಳಿದರೆ ಇಷ್ಟು ಬೇಗ ಒಪ್ಪುತ್ತಾರೆಯೇ? ಸ್ವದೇಶಿ ಪರದೇಶಿ ಎಂಬುದು ಮುಖ್ಯವಲ್ಲ. ರೈತನಿಗೆ ಬೇರೆ ದಾರಿ ಇದೆಯೋ ಇಲ್ಲವೋ ಎಂಬುದೇ ಮುಖ್ಯ.

ಇನ್ನೊಂದು ಮಾತು. ಈ ಬೆಲೆ ಕಟ್ಟು ಇರುವುದು ಹತ್ತಿ ಬೀಜಕ್ಕೆ ಮಾತ್ರ. ಟೊಮೆಟೊ, ಎಲೆಕೋಸು, ಬೀಟ್‌ರೂಟ್, ಮುಸುಕಿನ ಜೋಳದ ಮಿಶ್ರತಳಿ ಬೀಜಕ್ಕೆ ಯಾವ ಕಟ್ಟೂ ಇಲ್ಲ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇವತ್ತು ತರಕಾರಿ ಬೆಳೆಯದ ಊರಿಲ್ಲ. ಕೆಜಿ ಲೆಕ್ಕದಲ್ಲಿ ಮಾರುವ ಟೊಮೆಟೊಗೆ ಗ್ರಾಂ ಲೆಕ್ಕದಲ್ಲಿ ಬೀಜ ಕೊಳ್ಳುತ್ತೇವೆ.

ರಾಗಿ ಬೀಜಕ್ಕೆ ಯಾಕೆ ಕಂಪನಿ ಬರಲಿಲ್ಲ?

ಹತ್ತಿ, ಸೂರ್ಯಕಾಂತಿ, ಜೋಳ, ತರಕಾರಿ ಎಲ್ಲದಕ್ಕೂ ಕಂಪನಿಗಳು ಮುಗಿಬಿದ್ದಿವೆ. ರಾಗಿಗೆ ಮಾತ್ರ ಯಾವ ದೊಡ್ಡ ಕಂಪನಿಯೂ ಬಂದು ಗೋಡೆ ಮೇಲೆ ಬರೆಸಲಿಲ್ಲ. ಯಾಕೆ? ರಾಗಿಯಲ್ಲಿ ಇಳುವರಿ ಇಲ್ಲವೆಂದೇ? ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟು ಇಳುವರಿಯನ್ನು ಏರಿಸಿ ತೋರಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಪಿಯು-28 ಇವತ್ತಿಗೂ ನಮ್ಮ ಹೊಲದಲ್ಲಿದೆ. ಒಮ್ಮೆ ತಂದ ಈ ರಾಗಿಯ ಬೀಜ ಮುಂದಿನ ವರ್ಷವೂ ಅದೇ ಗುಣ ಕೊಡುತ್ತೆ. ಒಳ್ಳೆ ತೆನೆ ಆರಿಸಿ, ಬೇವಿನ ಸೊಪ್ಪು ಹಾಕಿ ಇಟ್ಟುಕೊಂಡರೆ ಮುಗಿಯಿತು. ಸಾಲದಿದ್ದರೆ ಪಕ್ಕದ ಮನೆಯಿಂದ ಸೇರು ಎರಡು ಸೇರು ತಂದರಾಯಿತು. ವರ್ಷ ವರ್ಷ ಅಂಗಡಿಗೆ ಬರಬೇಕಾಗಿಲ್ಲದ ಗಿರಾಕಿ ಕಂಪನಿಗೆ ಬೇಡ.

ಇದೇ ಅದರ ಅಸಲು ಲೆಕ್ಕ. ಕಂಪನಿಗೆ ದೊಡ್ಡ ಎದುರಾಳಿ ಇನ್ನೊಂದು ಕಂಪನಿಯಲ್ಲ, ರೈತನ ಮನೆಯ ಬೀಜದ ಮಡಕೆ. ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಬದಲಾಯಿಸಿಕೊಳ್ಳುವ, ಹೆಸರಿನ ಚೀಟಿ ಅಂಟಿಸದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ನಮಗೆ ಕೊಟ್ಟಿದೆ. ಆದರೆ ಮಿಶ್ರತಳಿಯ ಬೀಜ ಇಟ್ಟುಕೊಂಡರೆ ಮರುವರ್ಷ ಬೆಳೆ ಒಂದೊಂದು ಗಿಡ ಒಂದೊಂದು ತರಹ ಆಗುತ್ತೆ. ಹಕ್ಕು ಕಾಗದದಲ್ಲಿದ್ದರೂ ಬೀಜ ಮಡಕೆಯಲ್ಲಿ ಇಲ್ಲದಿದ್ದರೆ ಪ್ರಯೋಜನ ಕಡಿಮೆ.

ಕೊಳ್ಳುವಾಗ ಒಬ್ಬನೇ

ಇಷ್ಟು ಹೊತ್ತು ನಮಗೆ ಮಾರುವವರ ಮಾತಾಯಿತು. ನಮ್ಮಿಂದ ಕೊಳ್ಳುವವರ ಕಡೆ ನೋಡಿದರೆ ಪೈಪೋಟಿಯ ವೇಷ ಕೂಡ ಇಲ್ಲ.

ಕಬ್ಬಿಗೆ 1966ರ ಕಬ್ಬು ನಿಯಂತ್ರಣ ಆದೇಶವಿದೆ. ಅದರ ಪ್ರಕಾರ ಇಂಥ ಊರುಗಳ ಕಬ್ಬು ಇಂಥ ಕಾರ್ಖಾನೆಗೆ ಅಂತ ಸರ್ಕಾರ ಹಂಚಬಹುದು. 2006ರ ತಿದ್ದುಪಡಿ ಪ್ರಕಾರ ಒಂದು ಕಾರ್ಖಾನೆಯಿಂದ ಹದಿನೈದು ಕಿಲೋಮೀಟರ್ ಒಳಗೆ ಇನ್ನೊಂದು ಕಾರ್ಖಾನೆ ಕಟ್ಟುವಂತಿಲ್ಲ. ಸಕ್ಕರೆ ಮಾರುವಾಗ ಕಾರ್ಖಾನೆ ದೇಶದ ಯಾವ ಮೂಲೆಯ ವ್ಯಾಪಾರಿಗೆ ಬೇಕಾದರೂ ಮಾರಬಹುದು. ಕಬ್ಬು ಮಾರುವಾಗ ರೈತನಿಗೆ ಒಂದೇ ಗೇಟು. ಅದೇ ಆದೇಶದಲ್ಲಿ ಕಬ್ಬು ಕೊಟ್ಟ ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಅಂತಲೂ ಇದೆ. ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿಕೊಂಡ ರೈತ ಎಷ್ಟು ಜನ ಇದ್ದೀರಿ, ನಿಮ್ಮ ನಿಮ್ಮ ಊರಿನಲ್ಲಿ ಕೇಳಿ ನೋಡಿ.

ಚೆಂಡುಮಲ್ಲಿಗೆಯದು ಇನ್ನೊಂದು ತರಹ. ಮೈಸೂರು-ಊಟಿ ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ನಮ್ಮ ಹೂವಿನ ಹೊಲದಲ್ಲಿ ಫೋಟೋ ಹಿಡಿಸಿಕೊಳ್ಳುತ್ತಾರೆ. ಹಾರಕ್ಕೆ ಹೋಗುವ ಹೂವಿಗೆ ಓಣಂ ಕಾಲದಲ್ಲಿ ಕೇರಳದ ಗಿರಾಕಿ ಇದ್ದಾನೆ. ಆದರೆ ಬಣ್ಣ ತೆಗೆಯುವ ಕಾರ್ಖಾನೆಗೆ ಅಂತ ಬೆಳೆಯುವ ಹೂವಿಗೆ ಕಾರ್ಖಾನೆಯೇ ಗತಿ. ಕೋಳಿಗೆ ಆ ಬಣ್ಣ ತಿನ್ನಿಸಿದರೆ ಮೊಟ್ಟೆಯ ಭಂಡಾರ ಹಳದಿಯಾಗುತ್ತೆ. ಕಣ್ಣಿನ ಔಷಧಿಗೂ ಹೋಗುತ್ತೆ. ಬೀಜ ಕೊಡುವವನೂ ಅವನೇ, ಬೆಲೆ ಗೊತ್ತು ಮಾಡುವವನೂ ಅವನೇ, ತೂಕ ಹಾಕುವವನೂ ಅವನೇ, ನೀರಿನ ಅಂಶ ಅಂತ ಮುರಿದುಕೊಳ್ಳುವವನೂ ಅವನೇ. ಒಂದು ವರ್ಷ ನನ್ನ ಹೂವು ಕಿತ್ತು ಚೀಲ ಕಟ್ಟಿದ ಮೇಲೆ ಎರಡು ದಿನ ಗಾಡಿ ಬರಲಿಲ್ಲ. ಮೂರನೇ ದಿನ ಬಂದವರು ಹೂವು ಕಂದಿದೆ ಅಂತ ತೂಕದಲ್ಲಿ ಮುರಿದರು. "ತಡ ಆಗಿದ್ದು ನಿಮ್ಮಿಂದಲ್ವಾ?" ಅಂದರೆ, "ಬೇರೆಯೋರ್ಗೆ ಕೊಡಿ ಮತ್ತೆ" ಅಂದರು. ಬೇರೆಯವರು ಯಾರೂ ಇಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪೈಪೋಟಿ ಇಲ್ಲದ ಕಡೆ ಮಾತಿನ ಧಾಟಿಯೇ ಹೀಗಿರುತ್ತೆ.

ಅಂಗಡಿಯ ಚೀಟಿಯಲ್ಲಿ ಕಟ್ಟಿದ ಹಗ್ಗ

ಬೇರೆ ದಾರಿ ಮುಚ್ಚುವುದಕ್ಕೆ ಇನ್ನೊಂದು ಸಾಧನ ಸಾಲ. ಕಂಪನಿ ನಮಗೆ ನೇರ ಸಾಲ ಕೊಡುವುದಿಲ್ಲ. ಅಂಗಡಿಯವನಿಗೆ ಮಾಲನ್ನು ಉದ್ದರಿ ಕೊಡುತ್ತೆ. ಇಷ್ಟು ಮಾರಿದರೆ ಇಷ್ಟು ಕಮಿಷನ್, ಇಷ್ಟಕ್ಕಿಂತ ಹೆಚ್ಚು ಮಾರಿದರೆ ಪರದೇಶ ಪ್ರವಾಸ ಅಂತ ಆಸೆ ತೋರಿಸುತ್ತೆ. ಅಂಗಡಿಯವನು ನಮಗೆ ಉದ್ದರಿ ಕೊಡುತ್ತಾನೆ. ಉದ್ದರಿ ತೆಗೆದುಕೊಂಡವನು "ಈ ಔಷಧಿ ಬೇಡ, ಆ ಔಷಧಿ ಕೊಡು" ಅನ್ನಲಾರ. ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕು, ಹೇಳಿದ ಬೆಲೆ ಬರೆಸಿಕೊಳ್ಳಬೇಕು. ಯೂರಿಯಾ, ಡಿಎಪಿಗೆ ಅಭಾವ ಬಂದಾಗ "ಇದರ ಜೊತೆ ಈ ಡಬ್ಬವನ್ನೂ ತೆಗೆದುಕೊಂಡರೆ ಮಾತ್ರ ಮೂಟೆ" ಅನ್ನುವ ಲಿಂಕ್ ವ್ಯಾಪಾರ ಎಲ್ಲರೂ ಕಂಡದ್ದೇ. ಹಾಗೆ ಗಂಟುಹಾಕಿ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಮೇಲುಗೊಬ್ಬರ ಕೊಡುವ ವಾರದಲ್ಲಿ ಯಾರು ಕಾನೂನು ಹುಡುಕಿಕೊಂಡು ಹೋಗುತ್ತಾರೆ?

ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲವನ್ನು 5 ಲಕ್ಷದವರೆಗೆ ಕೊಡುತ್ತೇವೆ ಅಂತ ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ಕಾಗದದಲ್ಲಿ ಸರಿ. ಬೇಕಾದಷ್ಟು, ಬೇಕಾದ ಕಾಲಕ್ಕೆ ಅದು ಕೈಗೆ ಬಂದಿದ್ದರೆ ನಾವು ಅಂಗಡಿಯ ಉದ್ದರಿ ಚೀಟಿಗೆ ಕೈಯೊಡ್ಡುತ್ತಿರಲಿಲ್ಲ. ಕೈಯಲ್ಲಿ ನಗದು ಇದ್ದ ರೈತನ ಮುಂದೆ ಮಾತ್ರ ಕಂಪನಿಗಳು ಪೈಪೋಟಿ ಮಾಡುತ್ತವೆ. ಸಾಲಗಾರ ರೈತನಿಗೆ ಪೈಪೋಟಿ ಎಂಬುದೇ ಇಲ್ಲ.

ಖೇಡಾ ಜಿಲ್ಲೆಯವರು ಮಾಡಿದ್ದೇನು?

ಹಾಗಾದರೆ ದಾರಿಯೇ ಇಲ್ಲವೇ? ಇದೆ. ದಾರಿ ಮಾಡಿಕೊಂಡವರೂ ಇದ್ದಾರೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲಿ ಪೋಲ್ಸನ್ ಎಂಬ ಕಂಪನಿ ಇತ್ತು. ಮುಂಬಯಿಗೆ ಹಾಲು ಕಳಿಸುವ ಹಕ್ಕು ಅದಕ್ಕೊಂದಕ್ಕೇ. ಹಾಲು ಕರೆಯುವವರಿಗೆ ಅದು ಹೇಳಿದ್ದೇ ಬೆಲೆ. 1946ರಲ್ಲಿ ರೈತರು ಒಟ್ಟಾಗಿ ಹದಿನೈದು ದಿನ ಒಂದು ತೊಟ್ಟು ಹಾಲನ್ನೂ ಕಂಪನಿಗೆ ಹಾಕಲಿಲ್ಲ. ಚೆಲ್ಲಿದರು, ಕುಡಿದರು, ಹಾಕಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಅವರ ಸಹಕಾರ ಒಕ್ಕೂಟ ನೋಂದಣಿಯಾಯಿತು. ಅದೇ ಇವತ್ತಿನ ಅಮುಲ್. 1974ರಲ್ಲಿ ನಮ್ಮ ರಾಜ್ಯದಲ್ಲೂ ಅದೇ ಮಾದರಿಯಲ್ಲಿ ಹೈನು ಅಭಿವೃದ್ಧಿ ನಿಗಮ ಬಂತು. ಅದು ಬೆಳೆದು ನಂದಿನಿಯಾಯಿತು. ಈಗ ನಮ್ಮ ಚಾಮರಾಜನಗರ ಜಿಲ್ಲೆಗೂ ತನ್ನದೇ ಹಾಲು ಒಕ್ಕೂಟವಿದೆ.

ಹಾಲಿನ ಸೊಸೈಟಿಗಳಲ್ಲಿ ಹುಳುಕಿಲ್ಲ ಅಂತ ನಾನು ಹೇಳುವುದಿಲ್ಲ. ರಾಜಕಾರಣವಿದೆ, ಫ್ಯಾಟಿನ ತಕರಾರಿದೆ. ಆದರೂ ಒಂದು ವ್ಯತ್ಯಾಸ ನೋಡಿ. ನಮ್ಮೂರಲ್ಲಿ ಖಾಸಗಿ ಡೈರಿಯವನು ಹಾಲು ಕೊಳ್ಳಲು ಬಂದರೆ ಸೊಸೈಟಿ ಬೆಲೆ ಎಷ್ಟು ಅಂತ ಮೊದಲು ಕೇಳಿಯೇ ತನ್ನ ಬೆಲೆ ಹೇಳುತ್ತಾನೆ. ರೈತರದೇ ಆದ ಒಂದು ಬಾಗಿಲು ತೆರೆದಿರುವುದರಿಂದ ಮಿಕ್ಕವರು ಪೈಪೋಟಿ ಮಾಡಲೇಬೇಕಾಗಿದೆ. ಹೂವಿಗೆ, ಹತ್ತಿಗೆ, ಕಬ್ಬಿಗೆ ಅಂಥ ಬಾಗಿಲಿಲ್ಲ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುತ್ತೇನೆ ಅಂದಾಗ ರಾಜ್ಯವೆಲ್ಲ ಗಲಾಟೆಯೆದ್ದದ್ದು ಯಾಕೆ? ರೈತರ ಒಂದು ಸಂಸ್ಥೆ ಬೆಳೆದು ದೊಡ್ಡದಾಗಿ ಇನ್ನೊಂದು ರೈತರ ಸಂಸ್ಥೆಯ ಗಿರಾಕಿಯನ್ನು ಕೀಳಲು ಬಂದರೆ, ಕೊನೆಗೆ ನಷ್ಟವಾಗುವುದು ಎರಡು ಕಡೆಯ ಹಾಲು ಕರೆಯುವವರಿಗೇ ಎಂಬ ಭಯ ಅದು. ಕಂಪನಿಯ ಬುದ್ಧಿ ಸಹಕಾರಕ್ಕೂ ಅಂಟಬಹುದು. ಎಚ್ಚರ ಬೇಕು.

ನಾವು ಮಾಡಬೇಕಾದದ್ದು

ಒಂದು: ಭರಣಿ ಮಳೆಗೆ ಮುಂಚೆ ಪ್ರತಿ ಊರಿನಲ್ಲೂ ಒಂದು ಸಭೆ ಸೇರಬೇಕು. ಯಾರು ಯಾವ ಬೀಜ, ಎಷ್ಟು ಪಾಕೀಟು ಅಂತ ಪಟ್ಟಿ ಮಾಡಿ, ಐವತ್ತು ಮನೆಯವರು ಒಟ್ಟಿಗೆ ಅಂಗಡಿಯವನ ಮುಂದೆ ಹೋಗಿ ಬೆಲೆ ಕೇಳಬೇಕು. ಒಬ್ಬನಾಗಿ ಹೋದವನಿಗೆ ಪಾಕೀಟಿನ ಮೇಲೆ ಅಚ್ಚಾದ ಬೆಲೆ. ಐವತ್ತು ಜನ ಹೋದರೆ ಚೌಕಾಸಿಗೆ ದಾರಿಯಿದೆ. ಬಿಲ್ಲು ಇಲ್ಲದೆ ಬೀಜ ತರಬಾರದು. ಬೀಜ ಹುಟ್ಟದಿದ್ದರೆ ಬಿಲ್ಲೊಂದೇ ಸಾಕ್ಷಿ.

ಎರಡು: ಬಿತ್ತುವ ಮುಂಚೆ ಪ್ರತಿ ಬೆಳೆಗೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕೊಳ್ಳುವವರು ನಿಜವಾಗಿ ಎಷ್ಟು ಜನ? ಒಬ್ಬನೇ ಆದರೆ ಇರುವ ಭೂಮಿಯನ್ನೆಲ್ಲ ಅವನಿಗೆ ಒಪ್ಪಿಸಬೇಡಿ. ಒಂದು ಪಾಲು ರಾಗಿ, ಅವರೆ, ಹುರುಳಿ ಇರಲಿ. ಮನೆಯಲ್ಲಿ ರಾಗಿ ಇದ್ದವನು ಗಾಡಿಯವನಿಗೆ ಎದುರು ಮಾತಾಡಬಲ್ಲ.

ಮೂರು: ಒಪ್ಪಂದದ ಬೆಳೆ ಹಾಕುವವರು ಊರೊಟ್ಟಿನ ಕರಾರು ಮಾಡಿಸಿ. ಗಾಡಿ ಬರುವ ದಿನ, ತಡವಾದರೆ ನಷ್ಟ ಯಾರದು, ತೂಕ ಎಲ್ಲಿ, ಮುರಿಯುವ ಲೆಕ್ಕ ಏನು ಎಂಬುದು ಕನ್ನಡದಲ್ಲಿ ಬರೆದಿರಬೇಕು.

ನಾಲ್ಕು: ಸರ್ಕಾರದ ಮುಂದೆ ಎರಡು ಬೇಡಿಕೆ. ಹತ್ತಿ ಬೀಜದ ಬೆಲೆಗೆ ಹಾಕಿದ ಕಟ್ಟನ್ನು ತರಕಾರಿ ಮತ್ತು ಜೋಳದ ಮಿಶ್ರತಳಿ ಬೀಜಗಳಿಗೂ ಹಾಕಲಿ. ಕೃಷಿ ವಿಶ್ವವಿದ್ಯಾನಿಲಯಗಳಿಗೂ ರಾಜ್ಯ ಬೀಜ ನಿಗಮಕ್ಕೂ ದುಡ್ಡು ಕೊಟ್ಟು, ರೈತ ತಾನೇ ಇಟ್ಟುಕೊಳ್ಳಬಹುದಾದ ಒಳ್ಳೆಯ ತಳಿಗಳನ್ನು ರೈತ ಸಂಪರ್ಕ ಕೇಂದ್ರಕ್ಕೆ ಸಕಾಲಕ್ಕೆ ಕಳಿಸಲಿ. ವರಲಕ್ಷ್ಮಿಯನ್ನೂ ಇಂಡಾಫನ್ನೂ ಕೊಟ್ಟ ನಾಡು ಇದು. ಅಂಥ ಕೆಲಸ ನಮ್ಮ ವಿಜ್ಞಾನಿಗಳಿಂದ ಆಗುವುದಿಲ್ಲ ಅಂತ ಯಾರೂ ಹೇಳಲಾರರು. ಸರ್ಕಾರದ ಬೀಜ ಪೇಟೆಯಲ್ಲಿ ನಿಂತಿದ್ದರೆ ಮಾತ್ರ ಕಂಪನಿ ಬೀಜದ ಬೆಲೆ ಹದ್ದಿನಲ್ಲಿರುತ್ತೆ.

ಕಂಪನಿಗಳು ಒಂದನ್ನೊಂದು ತಿನ್ನುವುದನ್ನು ನಾವು ತಡೆಯಲಾರೆವು. ಯಾವುದು ಗೆದ್ದರೂ ನಮಗೆ ಪಾಲಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು. ನಮಗೆ ಲಾಭ ತರುವ ಪೈಪೋಟಿ ಒಂದೇ: ಒಗ್ಗಟ್ಟಾದ ರೈತರ ಬಾಗಿಲಿಗೆ ಅವರು ಸಾಲಾಗಿ ಬಂದು ಬೆಲೆ ಹೇಳುವುದು. ಅದನ್ನು ಯಾವ ಕಂಪನಿಯೂ ತಾನಾಗಿ ತಂದುಕೊಡುವುದಿಲ್ಲ. ಈ ವರ್ಷದ ಬಿತ್ತನೆಯಿಂದಲೇ ನಾವು ಅದನ್ನು ಶುರು ಮಾಡಬೇಕು.